ಹಾಡು ಎಲ್ಲರದು, ಖರೆ. ದುಡ್ಡು ಯಾರದು?



ಪೋಸ್ಟ್ ಉದ್ದ ಆಗಿದೆ, ಪುರಸೊತ್ತಾದಾಗ ಓದ್ರಿ. ಆದರೆ ನಿಮ್ಮ ಮನೆಯಲ್ಲಿ, ನಿಮ್ಮ ಓಣಿಯಲ್ಲಿ ಹಾಡು ಕಟ್ಟೋರು, ಹಾಡೋರು, ಹಲಗಿ ಬಾರಿಸೋರು ಯಾರಾದರೂ ಇದ್ದರೆ ಅವರಿಗೆ ಮಾತ್ರ ಇವತ್ತೇ ಓದಿ ಹೇಳ್ರಿ. ಯಾಕಂದ್ರ ಕಾಗದ ಹಿಡ್ಕೊಂಡು ಮಂದಿ ಅವರ ಮನೆ ಬಾಗಿಲಿಗೇ ಬರ್ಲಿಕತ್ತಾರ.

ಎಂಥ ಕಾಗದ ಅಂದ್ರೆ, ಆರು ಪುಟದ ಇಂಗ್ಲಿಷ್ ಕರಾರು ಪತ್ರ. ನಮ್ಮ ಬಗದಲ್ ಕಡೆಯ ಒಬ್ಬ ಆಯಿಗೆ ಬಂದದ್ದನ್ನ ನಾನೇ ಕೂತು ಓದಿದೆ. ಆಯಿ ಕನ್ನಡದಾಗೂ ಮರಾಠಿಯಾಗೂ ಭೀಮನ ಹಾಡು ಕಟ್ಟಿ ಹಾಡ್ತಾಳೆ. ಅಕ್ಷರ ಬರಲ್ಲ, ಹಾಡೆಲ್ಲ ತಲೆಯಲ್ಲೇ. ಮೊಮ್ಮಗ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಸ್ಟೇಟಸ್ ಇಟ್ಟಿದ್ದ. ಅದನ್ನ ಯಾರೋ ಇಳಿಸ್ಕೊಂಡು, ಹಿಂದೆ ಕೀಬೋರ್ಡು, ಡಿಜೆ ಬೀಟು ಹಾಕಿ ತಮ್ಮ ಚಾನೆಲ್ಲಿಗೆ ಏರಿಸಿದರು. ಜಯಂತಿ ಮುಗಿಯೋದರೊಳಗೆ ಲಕ್ಷಗಟ್ಟಲೆ ಮಂದಿ ನೋಡಿದ್ರು. ಹೆಸರಿನ ಜಾಗದಲ್ಲಿ ಏನಿತ್ತು ಗೊತ್ತಾ? 'ಹಳ್ಳಿ ಅಜ್ಜಿಯ ಸೂಪರ್ ಭೀಮ್ ಸಾಂಗ್'. ಅಜ್ಜಿಗೂ ಒಂದು ಹೆಸರು ಇರ್ತದ ಅನ್ನೋದು ಅವರಿಗೆ ಹೊಳೆದಿಲ್ಲ. ಆಮೇಲೆ ಮೊಮ್ಮಗ ತನ್ನ ಮೂಲ ವಿಡಿಯೋ ಯೂಟ್ಯೂಬಿಗೆ ಹಾಕಿದರೆ ಅವನಿಗೇ ಕಾಪಿರೈಟ್ ಕ್ಲೈಮ್ ಬಂತು. ಅಜ್ಜಿ ಹಾಡನ್ನ ಮೊಮ್ಮಗ ಕದ್ದಾನಂತ! ಅವನು ಫೋನ್ ಮಾಡಿ ಜಗಳ ತೆಗೆದ ಮೇಲೆ ಈ ಕಾಗದ ಬಂತು. ಒಂದೇ ಸಲ 5000 ರೂಪಾಯಿ ಕೊಡ್ತಾರಂತೆ. ಅದಕ್ಕೆ ಬದಲು ಇಲ್ಲಿಯವರೆಗೆ ಹಾಡಿದ್ದು, ಇನ್ನು ಮುಂದೆ ಹಾಡೋದು, ಈಗಿರೋ ಮಾಧ್ಯಮ, ಮುಂದೆ ಹುಟ್ಟೋ ಮಾಧ್ಯಮ, ಇಡೀ ಜಗತ್ತು, ಶಾಶ್ವತವಾಗಿ. "ತಮ್ಮಾ, ಹೆಬ್ಬೆಟ್ಟು ಒತ್ತಲ್ಯಾ ಬ್ಯಾಡಾ?" ಅಂತ ಆಯಿ ಕೇಳಿದಳು. ಬ್ಯಾಡ ಆಯಿ, ಅಂದೆ. ಕಂಪನಿ ಹೆಸರು ಇಲ್ಲಿ ಬರೆಯಲ್ಲ. ಒಂದು ಕಂಪನಿಯ ಮಾತಲ್ಲ ಇದು.

ಇಷ್ಟು ನಮ್ಮ ಗ್ರೂಪಿನಲ್ಲಿ ಹಾಕಿದ್ದಕ್ಕೆ ಹಿರಿಯ ಸಂಗಾತಿಯೊಬ್ಬರು ಬೇಜಾರಾದರು. ಚಳವಳಿ ಹಾಡಿಗೆ ರಾಯಲ್ಟಿ ಕೇಳೋದೇನ್ರೀ, ಬಾಬಾಸಾಹೇಬರ ಹಾಡಿಗೆ ರೇಟು ಕಟ್ತೀರೇನು, ಗದ್ದರ್ ಅಂಥವರು ಜನರಿಗಾಗಿ ಹಾಡಿದ್ರು ಅಂತ ಬರೆದರು. ಅವರ ಮೇಲೆ ನನಗೆ ಗೌರವ ಇದೆ, ಜೈಲು ಕಂಡವರು. ಆದರೆ ಈ ಮಾತಿಗೆ ಗ್ರೂಪಿನಲ್ಲಿ ಎರಡು ಸಾಲಿನ ಉತ್ತರ ಸಾಲಲ್ಲ. ಅದಕ್ಕೇ ಈ ಪೋಸ್ಟ್.

ಗದ್ದರ್ ನಮಗೆ ಪಕ್ಕದವರೇ, ಮೆದಕ್ ಕಡೆಯ ತೂಪ್ರಾನಿನವರು. 2023ರ ಆಗಸ್ಟಿನಲ್ಲಿ ಅವರು ಹೋದಾಗ ಬೀದರಿನ ಓಣಿಗಳಲ್ಲೂ ಫೋಟೋ ಇಟ್ಟು ಹಾಡಿದ್ದೀವಿ. ಅವರ ಹಾಡು ಬಾಯಿಂದ ಬಾಯಿಗೆ ಹೋಯ್ತು, ಭಾಷೆ ದಾಟಿ ಹೋಯ್ತು. ಧರಣಿಯಲ್ಲಿ, ಹೊಲದಲ್ಲಿ, ಸಾವಿನ ಮನೆಯಲ್ಲಿ ಹಾಡೋದಕ್ಕೆ ಯಾರೂ ರೊಕ್ಕ ಕೇಳಬೇಕು ಅಂತ ನಾನು ಹೇಳ್ತಿಲ್ಲ. ಆದರೆ ನಮ್ಮ ಜನ ಹಾಡೋದು ಬೇರೆ, ಜಾಹೀರಾತು ಮಾರೋ ಕಂಪನಿ ಅದರಿಂದ ದುಡಿಯೋದು ಬೇರೆ. ಜನರಿಗೆ ಬಿಟ್ಟಿ ಅಂದ್ರೆ ಕಂಪನಿಗೂ ಬಿಟ್ಟಿ ಅಂತ ಎಲ್ಲಿ ಬರೆದಿದೆ?

ಈ ಬಿಟ್ಟಿ ಅನ್ನೋ ಶಬ್ದ ಬರೆಯುವಾಗಲೇ ಮೈ ಉರೀತದ ನನಗೆ. ನಮ್ಮ ಅಜ್ಜಂದಿರು ಹಲಗಿ ಬಾರಿಸಿದ್ದನ್ನ ಊರು ಕಲೆ ಅಂತ ನೋಡಲಿಲ್ಲ, ಚಾಕರಿ ಅಂತ ನೋಡಿತು. ಗೌಡರ ಮನೆಯಲ್ಲಿ ಸಾವಾದರೆ ಹಲಗಿ. ಜಾತ್ರೆಗೆ ಹಲಗಿ. ಡಂಗುರಕ್ಕೆ ಹಲಗಿ. ಕೂಲಿ ಅಂದ್ರೆ ಸುಗ್ಗಿಯಲ್ಲಿ ಮೊರದಾಗ ಹಾಕಿದ ಜೋಳ, ದೂರದಿಂದ ಎಸೆದ ರೊಟ್ಟಿ. ಎಪ್ಪತ್ತು ಎಂಬತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಊರೂರಿಗೆ ಹೋಗಿ ಬಿಟ್ಟಿ ಚಾಕರಿ ಬಿಡ್ರಿ ಅಂದಿತು. ಹಲಗಿ ಕೆಳಗಿಟ್ಟದ್ದಕ್ಕೆ ಎಷ್ಟೋ ಊರುಗಳಲ್ಲಿ ಬಹಿಷ್ಕಾರ ಹಾಕಿದರು, ಕಿರಾಣಿ ಸಾಮಾನು ಬಂದ್, ಕೆಲಸ ಬಂದ್. ಅದೇ ಹಲಗಿಯನ್ನ ನಾವು ಮೆರವಣಿಗೆಯ ಮುಂದೆ ತಲೆ ಎತ್ತಿ ಬಾರಿಸಿದ್ದು ಆಮೇಲೆ. ಹಾಗೆ ಬಿಡಿಸ್ಕೊಂಡು ಬಂದ ಹಲಗಿಯನ್ನ ಈಗ 'ಕಲೆಗೆ ಕೂಲಿ ಕೇಳಬಾರದು' ಅಂತ ಹೇಳಿ ಮತ್ತೆ ಯಾರದೋ ಬಾಗಿಲಲ್ಲಿ ಇಟ್ಟು ಬರಬೇಕಾ?

ಕಲೆಗೆ ರೊಕ್ಕ ಕೇಳೋದು ಸಣ್ಣತನ ಅನ್ನೋ ಮಾತು ನಮಗೆ ಮಾತ್ರ. ದೊಡ್ಡ ಕಂಪನಿಗಳು ಹಾಗೆ ಯಾವತ್ತೂ ಅಂದಿಲ್ಲ. 2022ರ ನವೆಂಬರಿನಲ್ಲಿ ಭಾರತ್ ಜೋಡೋ ಯಾತ್ರೆಯ ವಿಡಿಯೋಗೆ ಕೆಜಿಎಫ್-2ರ ಹಾಡು ಬಳಸಿದ್ರು ಅಂತ ಎಂಆರ್‌ಟಿ ಮ್ಯೂಸಿಕ್ ಬೆಂಗಳೂರಿನ ಕೋರ್ಟಿಗೆ ಹೋಯ್ತು. ಕಾಂಗ್ರೆಸ್ಸಿನ ಟ್ವಿಟರ್ ಖಾತೆಯನ್ನೇ ಬ್ಲಾಕ್ ಮಾಡ್ರಿ ಅಂತ ಆದೇಶ ಆಯ್ತು. ಹೈಕೋರ್ಟ್ ಅದನ್ನ ತೆರವು ಮಾಡಿತು, ಆದರೆ ಹಾಡಿರೋ ವಿಡಿಯೋ ತೆಗೆಯಬೇಕು ಅನ್ನೋ ಷರತ್ತಿನ ಮೇಲೆ. 'ಕಿರಿಕ್ ಪಾರ್ಟಿ'ಯ ಒಂದು ಹಾಡು 'ಶಾಂತಿ ಕ್ರಾಂತಿ'ಯ ಹಾಡಿನಂಗ ಅದ ಅಂತ ಲಹರಿಯವರು ಕೋರ್ಟ್ ಮೆಟ್ಟಿಲು ಹತ್ತಿದರು. ನಾನು ಇದನ್ನ ತಪ್ಪು ಅಂತ ಹೇಳ್ತಿಲ್ಲ. ತಮ್ಮ ಹಾಡು ಅಂತ ಅವರು ಕೋರ್ಟಿಗೆ ಹೋಗಬಹುದಾದರೆ ನಮ್ಮ ಆಯಿ ಯಾಕ ಹೋಗಬಾರದು ಅಂತ ಕೇಳ್ತಿದ್ದೀನಿ ಅಷ್ಟೇ.

ಇನ್ನು ಹೆಸರಿನ ವಿಷಯ. ನನಗೆ ದುಡ್ಡಿಗಿಂತ ಇದು ಜಾಸ್ತಿ ಚುಚ್ತದ.

ಬಸವಕಲ್ಯಾಣ ನಮ್ಮ ಜಿಲ್ಲೆಯದು. ಶರಣರು ವಚನದ ಕೊನೆಗೆ ಅಂಕಿತ ಇಟ್ಟರು. ತತ್ವಪದಕಾರರು ಕೊನೆಯ ನುಡಿಯಲ್ಲಿ ಗುರುವಿನ ಹೆಸರೋ ಊರಿನ ಹೆಸರೋ ಹೊಸೆದರು. ಗಡಿ ಆಚೆ ವಾಮನದಾದಾ ಕರ್ಡಕ್ (1922–2004) ಸಾವಿರಾರು ಭೀಮಗೀತೆ ಕಟ್ಟಿದರು, ಕೊನೆಯಲ್ಲಿ ವಾಮನ ಅಂತ ತಮ್ಮ ಹೆಸರು ಸೇರಿಸಿದರು. ನನ್ನ ಲೆಕ್ಕದಲ್ಲಿ ಇದು ಬರೀ ಅಲಂಕಾರ ಅಲ್ಲ. ಅಚ್ಚು ಇಲ್ಲದ, ರಿಜಿಸ್ಟರ್ ಆಫೀಸು ಇಲ್ಲದ ಕಾಲದಲ್ಲಿ 'ಇದು ನಂದು' ಅಂತ ಹಾಡಿನೊಳಗೇ ಹೊಡೆದ ಮೊಳೆ. ಎಷ್ಟು ಗಟ್ಟಿ ಮೊಳೆ ಅಂದ್ರೆ, ಬಸವಣ್ಣನವರ ವಚನಗಳ ಅಂಕಿತವನ್ನ 'ಲಿಂಗದೇವ' ಅಂತ ಬದಲಿಸಿದ ಮಾತೆ ಮಹಾದೇವಿಯವರ 'ವಚನ ದೀಪ್ತಿ' ಪುಸ್ತಕವನ್ನ 1998ರಲ್ಲಿ ಸರ್ಕಾರ ಮುಟ್ಟುಗೋಲು ಹಾಕಿತು, 2017ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನ ಎತ್ತಿಹಿಡಿಯಿತು. ಅಂಕಿತಕ್ಕೆ ಇಷ್ಟು ಬೆಲೆ ಅದ ಅಂತಾಯ್ತು. ಹಾಗಾದರೆ ಡಿಜೆ ರಿಮಿಕ್ಸ್ ಮಾಡೋನು ಪಲ್ಲವಿ ಮಾತ್ರ ಇಟ್ಕೊಂಡು ಕೊನೆಯ ನುಡಿ ಕತ್ತರಿಸಿದಾಗ ಏನಾಯ್ತು? ಅಂಕಿತವೇ ಹೋಯ್ತು. ಯಾವ ಸರ್ಕಾರ ಏನು ಮುಟ್ಟುಗೋಲು ಹಾಕಿತು?

ಹಾಡನ್ನ ಆನ್‌ಲೈನಿಗೆ ಏರಿಸುವಾಗ ಒಂದು ಫಾರಂ ತುಂಬಬೇಕು. ಗಾಯಕರು ಯಾರು, ರಚನೆ ಯಾರದು, ಸಂಗೀತ ಯಾರದು, ಹಕ್ಕು ಯಾರದು. ಈ ಖಾನೆಗಳಿಗೆ ಮೆಟಾಡೇಟಾ ಅಂತಾರೆ. ದುಡ್ಡು ಹರಿಯೋ ಕಾಲುವೆ ಇದೇ. ರಚನೆ ಅನ್ನೋ ಖಾನೆಯಲ್ಲಿ ನಮ್ಮವರ ಹಾಡಿಗೆ ಏನು ಬರೀತಾರೆ ನೋಡ್ರಿ: 'ಜಾನಪದ'. ಹಾಡು ಕಟ್ಟಿದ ಹೆಣ್ಣುಮಗಳು ಎದುರಿಗೇ ಕೂತು ಮೆಂತ್ಯ ಸೋಸ್ಲಿಕತ್ತಾಳ, ಇಲ್ಲಿ 'ಜಾನಪದ' ಅಂತ ಬರೆದಾಯ್ತು! ಬೆಂಗಳೂರಿನವನು ಬರೆದರೆ ಕವಿ, ನಮ್ಮ ಓಣಿಯವಳು ಕಟ್ಟಿದರೆ ಜಾನಪದ. ಜಾನಪದ ಅಂದ ಕೂಡಲೇ ಕೊಡಬೇಕಾದವರು ಯಾರೂ ಇಲ್ಲ. ಬದುಕಿರೋರನ್ನೇ ಅನಾಮಧೇಯ ಮಾಡೋ ಈ ಶಬ್ದವನ್ನ ನಮ್ಮ ಪ್ರೊಫೆಸರುಗಳೂ ಸ್ವಲ್ಪ ನೋಡಿ ಬಳಸಬೇಕು ಅಂತ ನನ್ನ ವಿನಂತಿ.

ನಮ್ಮ ಹಾಡಿಗೆ ನಮ್ಮದೇ ಹಂಚಿಕೆ ಅನ್ನೋದು ಹೊಸದೇನಲ್ಲ. ಡಿಸೆಂಬರ್ 6ಕ್ಕೆ ದಾದರಿನ ಚೈತ್ಯಭೂಮಿಗೆ, ದಸರೆಗೆ ನಾಗಪುರದ ದೀಕ್ಷಾಭೂಮಿಗೆ ಹೋದವರು ಬರುವಾಗ ಪುಸ್ತಕ, ಬುದ್ಧನ ಮೂರ್ತಿ, ಅದರ ಜೊತೆ ಕ್ಯಾಸೆಟ್ಟು ಗಂಟಿನಲ್ಲಿ ಕಟ್ಕೊಂಡು ಬರ್ತಿದ್ರು. ಯಾವ ಶೋರೂಮೂ ಇಲ್ಲದ, ನೆಲದ ಮೇಲೆ ಹಾಸಿದ ಅಂಗಡಿಗಳ ಮಾರುಕಟ್ಟೆ ಅದು. ಔರಾದ್, ಭಾಲ್ಕಿಯ ಓಣಿಗಳಲ್ಲಿ ಇವತ್ತಿಗೂ ಜಯಂತಿಗೆ ಆನಂದ ಶಿಂದೆ, ಮಿಲಿಂದ ಶಿಂದೆಯರ ಮರಾಠಿ ದನಿಯೇ ಮೊದಲು ಕೇಳೋದು ಯಾಕೆ ಅಂದ್ರೆ ಗಡಿ ಅನ್ನೋದು ಒಂದು ಕಾರಣ, ಆ ಕ್ಯಾಸೆಟ್ಟು ಇನ್ನೊಂದು ಕಾರಣ. ಮರಾಠಿಯಲ್ಲಿ ಭೀಮಗೀತೆಗೆ ಒಂದು ಮಾರುಕಟ್ಟೆ ಹುಟ್ಟಿತು, ಕನ್ನಡದಲ್ಲಿ ಅಷ್ಟು ಹುಟ್ಟಲಿಲ್ಲ. ಆಮೇಲೆ ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸೋ ಕಾಲ ಬಂತು. ಅಂಗಡಿಯವನಿಗೆ ಹತ್ತಿಪ್ಪತ್ತು ರೂಪಾಯಿ, ಹಾಡಿದವರಿಗೆ ಸೊನ್ನೆ. ಔರಂಗಾಬಾದಿನ ಕಡುಬಾಯಿ ಖರಾತ್ ತಾಯಿಯನ್ನ ನಮಗೆ ಪರಿಚಯ ಮಾಡಿಸಿದ್ದು ಯಾವ ಕಂಪನಿಯೂ ಅಲ್ಲ, ಏಕತಾರಿ ಹಿಡಿದು ಹಾಡಿದ ಮೊಬೈಲ್ ವಿಡಿಯೋ.

ಹಾಗಾಗಿ ಇಂಟರ್ನೆಟ್ ಬಂದದ್ದು ನಮಗೆ ಕೆಟ್ಟದಾಯ್ತು ಅಂತ ನಾನು ಅಳೋನಲ್ಲ. ಬೆಳಗಾವಿ, ಬಾಗಲಕೋಟೆ ಕಡೆಯ ಹುಡುಗರನ್ನ ನೋಡ್ರಿ. ರಾಯಬಾಗ ತಾಲೂಕಿನ ನಿಪನಾಳದ ಮಾಳು 'ನಾ ಡ್ರೈವರ' ಹಾಡಿಗೆ ಕೋಟಿಗಟ್ಟಲೆ ನೋಡುಗರನ್ನ ತಂದ. ಬೆಂಗಳೂರಿನ ಯಾವ ಆಡಿಯೋ ಕಂಪನಿಯ ಮೆಟ್ಟಿಲೂ ಹತ್ತದೆ ಒಬ್ಬ ಹಳ್ಳಿ ಹುಡುಗ ಅಲ್ಲಿ ಮುಟ್ಟಬಹುದು ಅಂತ ತೋರಿಸಿದ. ಆ ಹಾಡುಗಳ ಸಾಹಿತ್ಯದ ಬಗ್ಗೆ, ಅದರಲ್ಲಿ ಹೆಣ್ಣುಮಕ್ಕಳನ್ನ ನೋಡೋ ರೀತಿ ಬಗ್ಗೆ ನನಗೆ ತಕರಾರು ಅವ, ಅದು ಇನ್ನೊಂದು ಪೋಸ್ಟಿಗೆ. ದಾರಿ ಇದೆ ಅನ್ನೋದಂತೂ ಖರೆ. ಪ್ರಶ್ನೆ ಏನಂದ್ರೆ ಆ ದಾರಿಯ ಟೋಲ್ ಗೇಟಿನಲ್ಲಿ ಕೂತೋರು ಯಾರು.

ಯೂಟ್ಯೂಬಿನ ನಿಯಮ ಹೇಳ್ತೀನಿ. ಚಾನೆಲ್ಲಿಗೆ ಜಾಹೀರಾತಿನ ಪಾಲು ಬರಬೇಕಾದರೆ 1000 ಸಬ್‌ಸ್ಕ್ರೈಬರ್, ಜೊತೆಗೆ ಒಂದು ವರ್ಷದಲ್ಲಿ 4000 ಗಂಟೆ ವೀಕ್ಷಣೆ ಬೇಕು (ಇಲ್ಲಾಂದ್ರೆ 90 ದಿನದಲ್ಲಿ ಒಂದು ಕೋಟಿ ಶಾರ್ಟ್ಸ್ ವೀಕ್ಷಣೆ). ಆಮೇಲೆ ಉದ್ದನೆಯ ವಿಡಿಯೋದ ಜಾಹೀರಾತಿನಲ್ಲಿ ನೂರಕ್ಕೆ 55 ಚಾನೆಲ್ಲಿಗೆ. ಒಂಟಿ ಹಾಡುಗಾರ್ತಿ ಈ ಗೆರೆ ದಾಟೋದು ಕಷ್ಟ, ಅದಕ್ಕೇ ದೊಡ್ಡ ಚಾನೆಲ್ಲಿಗೆ ಹೋಗಿ ಹಾಡು ಕೊಟ್ಟು ಬರ್ತಾರೆ. ನಾನು ನೋಡಿದ ಹಾಗೆ ಎಷ್ಟೋ ಸಲ ಸ್ಟುಡಿಯೋ ಖರ್ಚೂ ಹಾಡೋರದೇ. ಇನ್ನು ಕಂಟೆಂಟ್ ಐಡಿ ಅಂತ ಒಂದಿದೆ. ಅದು ಹಾಡಿನ ಬೆರಳಚ್ಚು ಇಟ್ಕೊಂಡು ಎಲ್ಲಿ ಯಾರು ಹಾಕಿದ್ರೂ ಹಿಡಿಯೋ ಯಂತ್ರ. ಈ ಯಂತ್ರದ ಕೀಲಿ ಎಲ್ಲರಿಗೂ ಕೊಡಲ್ಲ, ದೊಡ್ಡ ಭಂಡಾರ ಇರೋ ಕಂಪನಿಗಳಿಗೆ, ವಿತರಕರಿಗೆ ಮಾತ್ರ. ಮೊದಲು ಬೆರಳಚ್ಚು ಕೊಟ್ಟವನೇ ಮಾಲೀಕ ಅಂತ ಯಂತ್ರ ನಂಬ್ತದ. ನೀವು ತಕರಾರು ಹಾಕಿದರೆ ಅದು ಮೊದಲು ಹೋಗೋದು ಕ್ಲೈಮ್ ಹಾಕಿದವನ ಹತ್ರಕ್ಕೇ, ಉತ್ತರಕ್ಕೆ ಅವನಿಗೆ 30 ದಿನ. ಆರೋಪ ಹೊರಿಸಿದವನೇ ಕಟ್ಟೆ ಮೇಲೆ ಪಂಚನಾಗಿ ಕೂಡೋ ಇಂಥ ಪಂಚಾಯ್ತಿ ನಮಗೆ ಹೊಸದಲ್ಲ ಬಿಡ್ರಿ.

ಸ್ಪಾಟಿಫೈನಂಥ ಆ್ಯಪುಗಳ ಲೆಕ್ಕ ಬೇರೆ. ನೀವು ತಿಂಗಳಿಗೆ ಕಟ್ಟೋ ನೂರು ಚಿಲ್ಲರೆ ರೂಪಾಯಿ ನೀವು ಕೇಳಿದವರಿಗೇ ಹೋಗ್ತದ ಅಂತ ತಿಳ್ಕೊಂಡಿದ್ದರೆ ಅದು ಸುಳ್ಳು. ಎಲ್ಲರ ದುಡ್ಡೂ ಒಂದೇ ಗುಡಾಣಕ್ಕೆ ಬೀಳ್ತದ. ಒಟ್ಟು ಎಷ್ಟು ಸಲ ಯಾರ ಹಾಡು ಓಡಿತು ಅನ್ನೋ ಪ್ರಮಾಣದಲ್ಲಿ ಹಂಚ್ತಾರೆ. ನಾನು ತಿಂಗಳಿಡೀ ಭೀಮಗೀತೆ, ತತ್ವಪದ ಬಿಟ್ಟು ಬೇರೆ ಕೇಳದಿದ್ದರೂ ನನ್ನ ದುಡ್ಡಿನ ದೊಡ್ಡ ಪಾಲು ಸಿನಿಮಾ ಹಾಡಿನ ಕಂಪನಿಗೆ ಹೋಗ್ತದ. ಜಾತ್ರೆ ಪಟ್ಟಿ ನೆನಪಾಗ್ತದ ನನಗೆ. ಪಟ್ಟಿ ಎತ್ತೋಕೆ ನಮ್ಮ ಓಣಿಗೂ ಬರ್ತಾರೆ. ಪಲ್ಲಕ್ಕಿ ಮಾತ್ರ ನಮ್ಮ ಓಣಿಗೆ ಬರಲ್ಲ. 2024ರಿಂದ ಸ್ಪಾಟಿಫೈ ಇನ್ನೊಂದು ಗೆರೆ ಎಳೀತು: ಹಿಂದಿನ 12 ತಿಂಗಳಲ್ಲಿ 1000 ಸಲ ಕೇಳಿಸದ ಹಾಡಿಗೆ ಆ ಗುಡಾಣದಲ್ಲಿ ಪಾಲೇ ಇಲ್ಲ. ಒಂದು ಹಾಡಿಗೆ ಅದು ಪೈಸೆಯ ಮಾತು ಅಂತ ಕಂಪನಿ ಹೇಳ್ತದ. ಪೈಸೆಯೇ ಇರಬಹುದು. ಆದರೆ ಆ ಪೈಸೆಗಳೆಲ್ಲ ಸೇರಿ 1000 ದಾಟಿದವರ ಪಾಲಿಗೆ ಹೋಗ್ತದಲ್ಲ, ಅದಕ್ಕೆ ಏನಂತಾರೆ?

ಬೇರೆ ರೀತಿ ಹಂಚೋಕೆ ಆಗಲ್ಲ ಅಂತೇನಿಲ್ಲ. ಸೌಂಡ್‌ಕ್ಲೌಡ್ 2021ರಲ್ಲಿ ಸಣ್ಣ ಕಲಾವಿದರಿಗೆ ಕೇಳುಗನ ದುಡ್ಡು ಅವನು ಕೇಳಿದವರಿಗೇ ಹೋಗೋ ಪದ್ಧತಿ ತಂದಿತು. ಬ್ಯಾಂಡ್‌ಕ್ಯಾಂಪಿನಲ್ಲಿ ಹಾಡನ್ನ ನೇರ ಕೊಳ್ಳಬಹುದು, ಡಿಜಿಟಲ್ ಮಾರಾಟದಲ್ಲಿ ಅವರು ಹಿಡಿಯೋದು ನೂರಕ್ಕೆ 15. ಕೇಳೋಕೆ ಚಂದ. ಆದರೆ ಬ್ಯಾಂಡ್‌ಕ್ಯಾಂಪ್ ಕಲಾವಿದರಿಗೆ ದುಡ್ಡು ಮುಟ್ಟಿಸೋದು ಪೇಪಾಲ್ ಮೂಲಕ, ಪೇಪಾಲ್ 2021ರ ಏಪ್ರಿಲ್ 1ರಿಂದ ಭಾರತದ ಒಳಗಿನ ಪಾವತಿಯನ್ನೇ ನಿಲ್ಲಿಸಿದೆ. ಮೇಲಾಗಿ ಆ ಕಂಪನಿಯನ್ನ 2022ರಲ್ಲಿ ಒಬ್ಬರು ಕೊಂಡ್ರು, 2023ರಲ್ಲಿ ಇನ್ನೊಬ್ಬರಿಗೆ ಮಾರಿದ್ರು, ಕೆಲಸದವರಲ್ಲಿ ಅರ್ಧ ಮಂದಿ ಮನೆಗೆ. ಒಳ್ಳೆಯ ಧಣಿ ಅಂತ ನಂಬಿದ ಮಂದಿಯ ಪಾಡು ಇದು. ಧಣಿ ಒಳ್ಳೆಯವನೇ ಇರಬಹುದು, ಊರು ಮಾರಿ ಹೋದರೆ?

'ಇಂಡಿಪೆಂಡೆಂಟ್ ಲೇಬಲ್' ಅನ್ನೋ ಶಬ್ದಕ್ಕೂ ನಮ್ಮ ಹುಡುಗರು ಬೇಗ ಮರುಳಾಗ್ತಾರೆ. ತಮಿಳಿನ 'ಎಂಜಾಯ್ ಎಂಜಾಮಿ' ನಿಮಗೆಲ್ಲ ಗೊತ್ತು. 2021ರ ಮಾರ್ಚಿನಲ್ಲಿ ಬಂತು. ಬರೆದವನು ಅರಿವು, ನಮ್ಮವನು, ಪಾ. ರಂಜಿತ್ ಕಟ್ಟಿದ ಕಾಸ್ಟ್‌ಲೆಸ್ ಕಲೆಕ್ಟಿವ್‌ನಿಂದ ಬಂದವನು. ಶ್ರೀಲಂಕಾದ ಚಹಾ ತೋಟದಲ್ಲಿ ದುಡಿದ ಅವನ ಅಜ್ಜಿ ವಳ್ಳಿಯಮ್ಮಾಳ್ ಬದುಕು ಆ ಹಾಡಿನೊಳಗೆ ಇದೆ. ಹಾಡು ಜಗತ್ತೆಲ್ಲ ಓಡಿತು. ಅದೇ ವರ್ಷ ಆಗಸ್ಟಿನಲ್ಲಿ ರೋಲಿಂಗ್ ಸ್ಟೋನ್ ಇಂಡಿಯಾ ಪತ್ರಿಕೆಯ ಮುಖಪುಟದಲ್ಲಿ ಅರಿವು ಇರಲಿಲ್ಲ. 2022ರಲ್ಲಿ ಚೆನ್ನೈನ ಚೆಸ್ ಒಲಿಂಪಿಯಾಡ್ ಉದ್ಘಾಟನೆಯಲ್ಲಿ ಆ ಹಾಡು ಹಾಡಿದಾಗಲೂ ವೇದಿಕೆಯಲ್ಲಿ ಅರಿವು ಇರಲಿಲ್ಲ. ಹಾಡು ಯಾರದು ಅನ್ನೋ ಜಗಳ ಬಯಲಿಗೆ ಬಂತು. ಸಂಗೀತಗಾರ ಸಂತೋಷ್ ನಾರಾಯಣನ್ ಆಗ, ಆದಾಯ ಮೂವರಿಗೂ ಸಮಪಾಲು ಅಂದ್ರು. 2024ರ ಮಾರ್ಚಿನಲ್ಲಿ ಅದೇ ಸಂತೋಷ್ ನಾರಾಯಣನ್, ಇಲ್ಲಿಯವರೆಗೆ ನಮಗೆ ಮೂವರಿಗೂ ಒಂದು ಪೈಸೆ ಬಂದಿಲ್ಲ ಅಂತ ವಿಡಿಯೋ ಮಾಡಿದ್ರು. ಹಾಡನ್ನ ಹೊರತಂದದ್ದು ಮಾಜ್ಜಾ ಅನ್ನೋ ಹೊಸ ಸ್ವತಂತ್ರ ಲೇಬಲ್. ಆ ಆರೋಪವನ್ನ ಲೇಬಲ್ಲಿನವರು ಒಪ್ಪಲಿಲ್ಲ. ಯಾರದು ಸರಿ ಅಂತ ಹೇಳೋಕೆ ನಾನು ಕೋರ್ಟ್ ಅಲ್ಲ. ಆದರೆ ಸೊನ್ನೆಯನ್ನ ಮೂರು ಸಮಪಾಲು ಮಾಡಿದರೆ ಬರೋದು ಎಷ್ಟು ಅನ್ನೋದು ನಮ್ಮೂರ ಮೂರನೇ ಕ್ಲಾಸಿನ ಹುಡುಗಿಗೂ ಗೊತ್ತು. ಆ ಲೇಬಲ್ ಸೋನಿಯಿಂದ ಸ್ವತಂತ್ರ ಇರಬಹುದು, ಟಿ-ಸೀರಿಸ್‌ನಿಂದ ಸ್ವತಂತ್ರ ಇರಬಹುದು. ಲೆಕ್ಕದ ಪುಸ್ತಕ ಹಾಡಿದವನ ಕಣ್ಣಿಗೆ ಬೀಳದಿದ್ದರೆ ಆ ಸ್ವಾತಂತ್ರ್ಯ ಕಂಪನಿಯದು, ಹಾಡಿದವನದಲ್ಲ.

ಈಗ ಕಾನೂನು. ವಕೀಲ ಸ್ನೇಹಿತರು ಇನ್ನೂ ಸರಿಯಾಗಿ ಹೇಳ್ತಾರೆ, ನಾನು ಹಾಡೋರಿಗೆ ತಿಳಿಯೋ ಹಾಗೆ ಹೇಳ್ತೀನಿ. 1957ರ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ದೊಡ್ಡ ತಿದ್ದುಪಡಿ ಆಯ್ತು, ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಇದಕ್ಕಾಗಿ ಬಡಿದಾಡಿದ್ರು. ಬರವಣಿಗೆ, ಸಹಿ ಇಲ್ಲದೆ ಹಕ್ಕು ಯಾರಿಗೂ ಹೋಗಲ್ಲ. "ಅವತ್ತು ಫೋನಿನಲ್ಲಿ ಹೂಂ ಅಂದಿದ್ದಿ" ಅಂತ ಯಾರಾದರೂ ಹೆದರಿಸಿದರೆ ಹೆದರಬ್ಯಾಡ್ರಿ. ಕರಾರಿನಲ್ಲಿ ಅವಧಿ ಬರೆಯದಿದ್ದರೆ 5 ವರ್ಷ ಅಂತಲೇ ಲೆಕ್ಕ, ಅದಕ್ಕೇ ಅವರು 'ಶಾಶ್ವತ' ಅಂತ ಬರೆಸೋದು. ಎಲ್ಲಕ್ಕಿಂತ ದೊಡ್ಡದು ಇದು: ಹಾಡು ಬರೆದವರು, ರಾಗ ಕಟ್ಟಿದವರು ಹಕ್ಕು ಬರೆದುಕೊಟ್ಟರೂ ರಾಯಲ್ಟಿಯ ಸಮಪಾಲನ್ನ ಬರೆದುಕೊಡೋ ಹಾಗಿಲ್ಲ. ವಾರಸುದಾರರಿಗೆ ಇಲ್ಲವೇ ಹಣ ವಸೂಲಿ ಮಾಡೋ ಕಾಪಿರೈಟ್ ಸೊಸೈಟಿಗೆ ಬಿಟ್ಟು ಬೇರೆ ಯಾರಿಗೆ ಬಿಟ್ಟುಕೊಟ್ಟೀನಿ ಅಂತ ಸಹಿ ಹಾಕಿದ್ರೂ ಅದು ನಡೆಯಲ್ಲ. 5000 ಕೊಟ್ಟು ಕೈ ತೊಳ್ಕೊಳ್ಳೋಕೆ ಕಾನೂನು ಬಿಡಲ್ಲ. ಹಾಡು ಕಟ್ಟದೆ ಬರೀ ಹಾಡಿದವರಿಗೆ, ಹಲಗಿ ಬಾರಿಸಿದವರಿಗೆ ಕೂಡ ಪ್ರದರ್ಶಕರ ಹಕ್ಕು ಅಂತ ಇದೆ. ಕೇಳದೆ ರೆಕಾರ್ಡ್ ಮಾಡಿ ಮಾರೋ ಹಾಗಿಲ್ಲ, 38ಬಿ ಕಲಮಿನ ಪ್ರಕಾರ ಹೆಸರು ಹೇಳಲೇಬೇಕು. ಬರೆದವರ, ರಾಗ ಹಾಕಿದವರ ದುಡ್ಡು ವಸೂಲಿ ಮಾಡೋ ಐಪಿಆರ್‌ಎಸ್ ಅನ್ನೋ ಸೊಸೈಟಿಗೆ 2017ರಲ್ಲಿ ಸರ್ಕಾರದ ನೋಂದಣಿ ಸಿಕ್ಕಿದೆ. ಸಿನಿಮಾ ಕವಿಗಳು ಅಲ್ಲಿ ಸದಸ್ಯರಾಗ್ತಾರೆ. ನಮ್ಮ ಶಾಹೀರರು, ಭಜನೆಯವರು ಎಷ್ಟು ಮಂದಿ ಆ ಹೆಸರು ಕೇಳಿದ್ದಾರೆ?

ಕಾನೂನು ಇದ್ದರೆ ಸಾಲದು, ಅಟ್ರಾಸಿಟಿ ಕಾಯ್ದೆ ಇಟ್ಕೊಂಡು ನಾವು ಠಾಣೆ ಮುಂದೆ ಎಷ್ಟು ರಾತ್ರಿ ಕೂತಿಲ್ಲ. ಕೈಯಲ್ಲಿ ನಮ್ಮದೇ ಒಂದು ಸಂಸ್ಥೆ ಬೇಕು. ಬಾಬಾಸಾಹೇಬರು 'ಮೂಕನಾಯಕ' ತೆಗೆದದ್ದು 1920ರ ಜನವರಿ 31ಕ್ಕೆ. ದುಡ್ಡು ಕೊಡ್ತೀವಿ ಅಂದರೂ 'ಕೇಸರಿ' ಅದರ ಜಾಹೀರಾತು ಹಾಕಲಿಲ್ಲ. ಆಮೇಲೆ 'ಬಹಿಷ್ಕೃತ ಭಾರತ', 'ಜನತಾ', 'ಪ್ರಬುದ್ಧ ಭಾರತ', ಜೊತೆಗೆ ಸ್ವಂತ ಪ್ರೆಸ್ಸು. ಅವರು ಬೇರೆಯವರ ಪತ್ರಿಕೆಯಲ್ಲಿ ಒಂದು ಕಾಲಂ ಕೊಡ್ರಿ ಅಂತ ಕೇಳ್ತಾ ಕೂರಲಿಲ್ಲ.

ನಮಗೆ ಹತ್ತಿರದ ಉದಾಹರಣೆಯೇ ಇದೆ. ಬೀದರಿನಿಂದ ಗಂಟೆಯೊಳಗೆ ಮುಟ್ಟೋ ಜಹೀರಾಬಾದಿನ ಹತ್ರ ಮಾಚನೂರಿನಲ್ಲಿ 2008ರ ಅಕ್ಟೋಬರಿನಿಂದ ಸಂಘಂ ರೇಡಿಯೋ ನಡೀತು, ನಡೆಸಿದ್ದು ದಲಿತ ಹೆಣ್ಣುಮಕ್ಕಳು. ಮೈಕು, ರೆಕಾರ್ಡಿಂಗು, ಎಡಿಟಿಂಗು ಎಲ್ಲ ಅವರದೇ. ಕೂಲಿ ಮಾಡೋ ಹೆಣ್ಣುಮಕ್ಕಳಿಗೆ ಸ್ಟುಡಿಯೋ ನಡೆಸೋದು ಬರಲ್ಲ ಅನ್ನೋರು ಅಲ್ಲಿ ಹೋಗಿ ಬರ್ರಿ. ಲೆಕ್ಕ ಇಡೋದು ಬರಲ್ಲ ಅನ್ನೋರಿಗೆ ನಮ್ಮ ಜಿಲ್ಲೆಯೇ ಉತ್ತರ. ಬೀದರ್ ಡಿಸಿಸಿ ಬ್ಯಾಂಕಿನ ಸ್ವಸಹಾಯ ಸಂಘಗಳ ಹೆಸರು ದೇಶಕ್ಕೆಲ್ಲ ಗೊತ್ತು. ವಾರಕ್ಕೊಮ್ಮೆ ಕೂತು ಉಳಿತಾಯ, ಸಾಲ, ಬಡ್ಡಿ ಪೈಸೆ ಪೈಸೆ ಬರೆಯೋ ಅಕ್ಕಂದಿರು ನಮ್ಮ ಓಣಿಯಲ್ಲೇ ಇದ್ದಾರೆ. ಅದೇ ವಹಿಯಲ್ಲಿ ಇನ್ನೊಂದು ಪುಟ: ಈ ಹಾಡು ಕಟ್ಟಿದವರು ಯಾರು, ಹಾಡಿದವರು ಯಾರು, ಹಲಗಿ ಯಾರದು, ಕೋರಸ್ ಯಾರು, ಯಾರಿಗೆ ಎಷ್ಟು ಪಾಲು. ರೆಕಾರ್ಡಿಂಗಿಗೆ ಮೊದಲೇ ಎಲ್ಲರ ಎದುರು ಓದಿ ಹೇಳಿ ಸಹಿ, ಇಲ್ಲ ಹೆಬ್ಬೆಟ್ಟು. ಇಂಗ್ಲಿಷಿನ ಆರು ಪುಟ ಬೇಕಾಗಿಲ್ಲ.

ಸೌಹಾರ್ದ ಸಹಕಾರಿಯೋ, ಸೊಸೈಟಿಯೋ, ರೂಪ ಯಾವುದಾದರೂ ಇರಲಿ, ಎರಡು ವಿಷಯದಲ್ಲಿ ನಾನು ರಾಜಿ ಆಗಲ್ಲ. ಹಕ್ಕು ಹಾಡಿದವರ ಹತ್ರವೇ ಇರಬೇಕು, ನಮ್ಮ ಲೇಬಲ್ಲಿಗೆ ಎರಡು ಮೂರು ವರ್ಷದ ಪರವಾನಗಿ ಮಾತ್ರ, ಬ್ಯಾಡಾದರೆ ಹಾಡು ತಗೊಂಡು ಹೋಗಬಹುದು. ಯಾಕೆ ಹೇಳ್ತೀನಿ ಅಂದ್ರೆ ನಮ್ಮ ಸಂಘಟನೆಗಳು ಎಷ್ಟು ಬಣ ಆಗ್ಯಾವ ಅಂತ ನಿಮಗೇ ಗೊತ್ತು. ನಾಳೆ ಲೇಬಲ್ಲೂ ಒಡೆದರೆ ಆಯಿಯ ಹಾಡು ಯಾವ ಬಣದ ಪಾಲಿಗೆ ಅಂತ ಜಗಳ ಆಗಬಾರದು. ಎರಡನೆಯದು, ದುಡ್ಡು ಹಾಡಿದ ಹೆಣ್ಣುಮಗಳ ಖಾತೆಗೇ ಹೋಗಬೇಕು, ಗಂಡನ ಖಾತೆಗಲ್ಲ, ಮಗನ ಖಾತೆಗಲ್ಲ, ಅಧ್ಯಕ್ಷರ ಖಾತೆಗಂತೂ ಮೊದಲೇ ಅಲ್ಲ. ಚಾನೆಲ್ಲಿನ ಪಾಸ್‌ವರ್ಡ್ ಮೂವರ ಹತ್ರ ಇರಲಿ, ಅದರಲ್ಲಿ ಇಬ್ಬರು ಹೆಣ್ಣುಮಕ್ಕಳು.

ಆ್ಯಪುಗಳಿಗೆ ಹಾಡು ಮುಟ್ಟಿಸೋ ವಿತರಕರನ್ನ ಆರಿಸುವಾಗಲೂ ಒಂದು ಮಾತು ನೋಡ್ಕೊಳ್ರಿ. ಡಿಸ್ಟ್ರೋಕಿಡ್ ಅಂಥವರಿಗೆ ವರ್ಷ ವರ್ಷ ಫೀಸು, ಕಟ್ಟೋದು ನಿಲ್ಲಿಸಿದರೆ ಹಾಡು ಇಳಿಸ್ತಾರೆ. ಅದನ್ನ ಉಳಿಸೋಕೆ ಬೇರೆ ದುಡ್ಡು. ಸಿಡಿ ಬೇಬಿ ಅಂಥವರದು ಒಂದೇ ಸಲದ ಫೀಸು, ಆಮೇಲೆ ಬಂದದ್ದರಲ್ಲಿ ನೂರಕ್ಕೆ 9 ಹಿಡೀತಾರೆ. ಎಪ್ಪತ್ತು ದಾಟಿದ ಹಾಡುಗಾರರಿಗೆ ಯಾವುದು ಒಳ್ಳೇದು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ, ಅವರು ಹೋದ ಮೇಲೂ ದನಿ ಅಲ್ಲಿ ಇರಬೇಕು.

ಆ್ಯಪಿನಿಂದ ನಮ್ಮವರ ಮನೆ ನಡೀತದ ಅನ್ನೋ ಭ್ರಮೆ ಮಾತ್ರ ಬ್ಯಾಡ. ನಮ್ಮ ದುಡ್ಡು ನಮ್ಮ ಮಂದಿಯ ಹತ್ರವೇ ಅದ. ಜಯಂತಿಗೆ ಡಿಜೆಗೆ ಎಷ್ಟು ಸುರೀತೀವಿ ಲೆಕ್ಕ ಹಾಕ್ರಿ. ಹಾಡು ಬರೆದವರಿಗೆ ಒಂದು ಶಾಲು, ಒಂದು ಹಾರ, ಫೋಟೋ. ಪ್ರತಿ ಜಯಂತಿ ಸಮಿತಿ ತನ್ನ ವಂತಿಗೆಯಲ್ಲಿ ನೂರಕ್ಕೆ ಐದು ರೂಪಾಯಿ, ಐದೇ ರೂಪಾಯಿ, ತಾನು ನುಡಿಸಿದ ಹಾಡು ಕಟ್ಟಿದವರಿಗೆ ಅಂತ ತೆಗೆದಿಡಲಿ. ಹಾಡಿನ ವಿಡಿಯೋದ ಕೆಳಗೆ ಹಾಡಿದವರ ಯುಪಿಐ ಕೋಡ್ ಹಾಕ್ರಿ. ಹತ್ತು ಸಾವಿರ ಜನ ಕೇಳಿ ಅದರಲ್ಲಿ ನೂರು ಜನ ಹತ್ತತ್ತು ರೂಪಾಯಿ ಹಾಕಿದರೆ ಸಾವಿರ ರೂಪಾಯಿ, ನಡುವೆ ಯಾರೂ ಇಲ್ಲ. ಹಿರಿಯ ಸಂಗಾತಿಗೂ ಇದನ್ನೇ ಹೇಳೋದು ನಾನು: ಹಾಡು ಜನರದು ಅಂದಿರಲ್ಲ ಸರ್, ಹಾಗಾದರೆ ಹಾಡಿದವಳ ಔಷಧದ ಖರ್ಚೂ ಜನರದೇ.

ಬರುವ ತಿಂಗಳು ಬಗದಲ್‌ನಲ್ಲಿ ಒಂದು ದಿನ ಕೂಡ್ತೀವಿ, ತಾರೀಖು ಆಮೇಲೆ ಹಾಕ್ತೀನಿ. ಔರಾದ್, ಭಾಲ್ಕಿ, ಹುಮನಾಬಾದ್ ಕಡೆಯವರು ಹಳೇ ಕ್ಯಾಸೆಟ್ಟು, ಹಾಡಿನ ನೋಟ್‌ಬುಕ್ಕು ಇದ್ದರೆ ತರ್ರಿ. ಕೊಟ್ಟು ಹೋಗಬೇಕಾಗಿಲ್ಲ, ಅಲ್ಲೇ ಕಾಪಿ ಮಾಡಿ ವಾಪಸ್ ಕೊಡ್ತೀವಿ, ಯಾರದು ಅಂತ ವಹಿಯಲ್ಲಿ ಬರೆದು. ಇಬ್ಬರು ವಕೀಲರು ಬರೋಕೆ ಒಪ್ಪಿದ್ದಾರೆ. ಹಿಂದೆ ಯಾವುದಾದರೂ ಕರಾರಿಗೆ ಸಹಿ ಮಾಡಿದ್ದರೆ ಅದರ ನಕಲು ತರ್ರಿ. ನಕಲು ಕೊಟ್ಟೇ ಇಲ್ಲ ಅಂದ್ರೆ ಅದನ್ನೂ ಬಂದು ಹೇಳ್ರಿ. ಕರಾರಿನ ಫೋಟೋ ಕಮೆಂಟಿನಾಗ ಹಾಕಬ್ಯಾಡ್ರಿ, ಅದರಲ್ಲಿ ನಿಮ್ಮ ಆಧಾರ್ ನಂಬರು, ಖಾತೆ ನಂಬರು ಇರ್ತದ. ಇನ್‌ಬಾಕ್ಸಿಗೆ ಕಳಿಸ್ರಿ.

ಜೈಭೀಮ್.